ಕುರ್ಚಿಯ ಮೇಲಿಟ್ಟ ಮಲ್ಲಿಗೆ

ಶ್ರೇಯಾ, ಪ್ರಜ್ವಲ, ಕುಮಟೆಯಿಂದ ನೀವು ರಜೆಗೆ ಬಂದಾಗಲೆಲ್ಲ ಕೇಳುವುದು ಒಂದೇ: "ಅಜ್ಜಿ, ಶ್ರೀಲಂಕಾದ್ದು ಹೇಳು." ವಿಮಾನ ಏರುವಾಗ ನಾನು ಎರಡೂ ಕಿವಿ ಮುಚ್ಚಿಕೊಂಡು ಕೂತದ್ದನ್ನು ಹೇಳುತ್ತೇನೆ. ನೀವು ನಗುತ್ತೀರಿ. ನಾನು ಅಲ್ಲಿಗೇ ನಿಲ್ಲಿಸಿ ದೋಸೆ ಹೊಯ್ಯಲು ಏಳುತ್ತೇನೆ. ನಿಲ್ಲಿಸಬೇಕಾದ ಜಾಗ ಅದಲ್ಲ ಎಂದು ನನಗೆ ಗೊತ್ತು. ಆಮೇಲಿನದನ್ನು ನಿಮ್ಮ ಮುಖ ನೋಡಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಊರ ಶಾಲೆಯಲ್ಲಿ ಏಳನೆಯವರೆಗೆ. ತಪ್ಪುಗಳಿದ್ದರೆ ತಿದ್ದಿಕೊಳ್ಳಿ. ನಡೆದದ್ದನ್ನು ಮಾತ್ರ ತಿದ್ದಬೇಡಿ.

ಭಟ್ಕಳ

ನನ್ನ ತವರು ಭಟ್ಕಳದ ಅಂಚಿನಲ್ಲಿ ಇತ್ತೆಂದು ನಿಮಗೆ ಗೊತ್ತು. ಪಕ್ಕದ ಮನೆ ಖತೀಜಾಳದು. ಎರಡು ಮನೆಗಳ ನಡುವೆ ಅವರ ಮಲ್ಲಿಗೆ ಗಿಡಗಳು. ಬೆಳಿಗ್ಗೆ ಮೊಗ್ಗು ಕೊಯ್ದು, ಅವರ ಜಗಲಿಯಲ್ಲಿ ಕಾಲು ಚಾಚಿ ಕೂತು, ಬಾಳೆನಾರಿನಲ್ಲಿ ಇಬ್ಬರೂ ದಂಡೆ ಕಟ್ಟುತ್ತಿದ್ದೆವು. ಯಾರ ದಂಡೆ ಯಾವುದು ಎಂದು ಜಗಳ ಬರುತ್ತದೆಂದು ಅವಳು ತನ್ನ ದಂಡೆಯ ಎರಡೂ ತುದಿಗೆ ಮೂರು ಮೂರು ಕೇಸರಿ ಬಣ್ಣದ ಅಬ್ಬಲಿಗೆ ಹೂವು ಸೇರಿಸುತ್ತಿದ್ದಳು. ನಾನು ಮದುವೆಯಾಗಿ ಹೊನ್ನಾವರದ ಮಾವಿನಕುರ್ವೆಗೆ ಬಂದೆ. ಅವಳು ಅದೇ ಊರಿನಲ್ಲಿ ಉಳಿದಳು. ಇಬ್ಬರೂ ಗಂಡನನ್ನು ಕಳೆದುಕೊಂಡೆವು. ಅವಳ ದಂಡೆಯ ತುದಿಯ ಅಬ್ಬಲಿಗೆ ಮಾತ್ರ ಹಾಗೇ ಉಳಿಯಿತು. ಅವಳ ಮನೆಯವರಿಗೆಲ್ಲ ಅದರ ಗುರುತು ಇತ್ತು.

ನಿಮ್ಮ ಸುಮ ಅತ್ತೆಯ ಗಂಡ ರವಿಯನ್ನು ಸೀಗಡಿ ಆಹಾರದ ಕಂಪನಿಯವರು ಶ್ರೀಲಂಕಾದ ನೆಗೊಂಬೊಗೆ ವರ್ಗ ಮಾಡಿದ್ದರು. ಸುಮಳೂ ಅಲ್ಲೇ ಇದ್ದಳು. ರಜೆಗೆ ಬಂದವನು ತಿರುಗಿ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತೇನೆಂದ. ಅದನ್ನು ಹೇಳಲು ಖತೀಜಾಳ ಮನೆಗೆ ಹೋದೆ. ಅವಳು ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದು ಬಾಗಿಲು ಓರೆ ಮಾಡಿದಳು.

"ನೆಗೊಂಬೊ ಅಂದ್ರೆ ನಮ್ಮ ನಸೀಮ ಇರುವ ಊರಲ್ದಾ?"

ನಸೀಮ ಅವಳ ಮಗಳು. ಕೊಲಂಬೊದಲ್ಲಿ ಬಟ್ಟೆ ಅಂಗಡಿ ಇಟ್ಟ ಭಟ್ಕಳದವರ ಹುಡುಗನಿಗೆ ಕೊಟ್ಟಿದ್ದರು. ಮನೆ ಮಾಡಿದ್ದು ನೆಗೊಂಬೊದಲ್ಲಿ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಒಂದು ಹೊಸ ಪ್ರಾರ್ಥನೆಯ ಕೂಟಕ್ಕೆ ಸೇರಿಕೊಂಡರು. ಆ ಸುದ್ದಿ ಬಂದ ಮೇಲೆ ಎರಡು ವರ್ಷದಿಂದ ಈ ಮನೆಯವರು ಅವರ ಜತೆ ಮಾತು ಬಿಟ್ಟಿದ್ದರು.

"ಅಲ್ಲಿ ಕುರಾನೂ ಓದ್ತಾರಂತೆ, ತಮಿಳು ಪದವೂ ಹಾಡ್ತಾರಂತೆ, ದೀಪವೂ ಹಚ್ತಾರಂತೆ. ಗಂಡಸ್ರು ಹೆಂಗಸ್ರು ಒಂದೇ ಚಾಪೆ. ಅಷ್ಟಾದ್ರೆ ಎಂತಾದ್ರೂ ಮಾಡ್ಕೊಳ್ಳಿ ಅನ್ಬಹುದಿತ್ತು. ಒಂದು ಖಾಲಿ ಕುರ್ಚಿ ಇಟ್ಟು ಅದಕ್ಕೆ ಪೂಜೆ ಮಾಡ್ತಾರೆ ಅಂತ ಇಲ್ಲಿ ಯಾರೋ ಹಬ್ಬಿಸಿದ್ರು ನೋಡು, ಅಲ್ಲಿಂದ ಕೆಟ್ಟೋಯ್ತು. ನನ್ನ ಮಗಳು ಕುರ್ಚಿಗೆ ತಲೆ ಬಾಗುವವಳಲ್ಲ, ನಾಗಕ್ಕ. ಹೊಟ್ಟೆಯಲ್ಲಿಟ್ಟು ಹೆತ್ತವಳು ನಾನು, ನಂಗೆ ಗೊತ್ತಿಲ್ವಾ?"

"ಅಲ್ಲ ಬಿಡು," ಎಂದೆ. ಒಳಗೆ ಮಾತ್ರ ಕುರ್ಚಿಯ ಪೂಜೆ ನಿಜವಿರಬೇಕು ಎಂದೇ ನಂಬಿದೆ.

ಮುಂದಿನ ತಿಂಗಳು ನಸೀಮಳ ತಮ್ಮ ಇಮ್ರಾನನ ಮದುವೆ. ಮನೆಯ ಹಿರಿಯರು ಖತೀಜಾಳ ಗಂಡನ ಅಣ್ಣ. ಹಜ್ ಮಾಡಿ ಬಂದವರಾದ್ದರಿಂದ ಎಲ್ಲರೂ ಹಾಜಿಯವರು ಎನ್ನುತ್ತಾರೆ. ಒಂದು ವರ್ಷ ಖತೀಜಾ ಅವರ ಮುಂದೆ ಅತ್ತೂ ಅತ್ತೂ ಕಡೆಗೆ ಒಂದು ಮಾತು ಪಡೆದಿದ್ದಳು. ಮನೆಯ ಹುಡುಗಿ ತಾನಾಗಿ ಬಂದು ತಮ್ಮನ ಮದುವೆಯಲ್ಲಿ ಕೂತರೆ ಯಾರೂ ಏನನ್ನೂ ಕೇಳುವುದಿಲ್ಲ. ಆದರೆ ಇಲ್ಲಿಂದ ಯಾರೂ ಅವಳನ್ನು ಕರೆಯಕೂಡದು. ಫೋನು ಮಾಡಕೂಡದು.

"ಕರೀದೆ ಅವಳಿಗೆ ಹೇಗೆ ಗೊತ್ತಾಗ್ಬೇಕು, ಹೇಳು? ಭಾವನಿಗೆ ಮಾತು ಕೊಟ್ಟಾಗಿದೆ, ಫೋನು ಮಾಡುವ ಹಾಗಿಲ್ಲ. ನೀನು ಹೋಗುವವಳು ಹೇಗೂ ಹೋಗ್ತಿ, ಮದುವೆ ವಿಷಯ ಅವಳಿಗೆ ಹೇಳು. ಒಂದು ದಂಡೆ ಕಟ್ಟಿ ಕೊಡ್ತೆ. ಬರುದಾದ್ರೆ ಅದನ್ನ ಮುಡ್ಕೊಂಡು ಒಂದು ಫೋಟೋ ತೆಗೆಸ್ಲಿ. ನೀನು ಬಂದು ನಂಗೆ ತೋರ್ಸು. ಇಲ್ಲಿ ಬಂದು ಬಾಯಲ್ಲಿ ಎಂತದೂ ಹೇಳುದು ಬೇಡ."

ಹೊರಡುವ ದಿನ ಒಂದು ಮೊಳ ದಂಡೆಯನ್ನು ಒದ್ದೆ ಬಟ್ಟೆ ಸುತ್ತಿದ ಬಾಳೆಲೆಯಲ್ಲಿಟ್ಟು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟಳು. ಎರಡೂ ತುದಿಯಲ್ಲಿ ಮೂರು ಮೂರು ಅಬ್ಬಲಿಗೆ.

ಕೊಚ್ಚಿ, ಕೊಲಂಬೊ

ಸಂಜೆ ರೈಲು ಹತ್ತಿ ಬೆಳಿಗ್ಗೆ ಎರ್ನಾಕುಲಂನಲ್ಲಿ ಇಳಿದೆವು. ಕೊಚ್ಚಿಯ ವಿಮಾನ ನಿಲ್ದಾಣದಲ್ಲಿ ಮೆಟ್ಟಿಲು ತಾನಾಗಿ ಏರುತ್ತದೆ. ನಾನು ಅದರ ಬುಡದಲ್ಲಿ ಸೆರಗು ಹಿಡಿದು ನಿಂತೆ. ಹಿಂದೆ ಒಂದು ಸಾಲೇ ನಿಂತಿತು. ರವಿ ಮೇಲೆ ತಲುಪಿ ತಿರುಗಿ ನೋಡಿ, ಮತ್ತೆ ಇಳಿದು ಬಂದು, "ಅತ್ತೆ, ದೋಣಿ ಹತ್ತುವ ಹಾಗೆ ಹತ್ತಿ," ಎಂದ. ಹಾಗೆ ಹೇಳಿದ ಮೇಲೆ ಹತ್ತಿದೆ. ದೋಣಿ ನನಗೆ ಗೊತ್ತು.

ಕೊಲಂಬೊದಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ಡಬ್ಬಿ ತೆರೆಯಿಸಿದಳು. ಅವಳು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ನಾನು ಕನ್ನಡದಲ್ಲಿ, "ಮಗಳಿಗೆ, ಮಗಳಿಗೆ," ಎಂದೆ. ಅವಳು ಬಗ್ಗಿ ಮೂಸಿ, ನನ್ನ ಮುಖ ನೋಡಿ, ಮುಚ್ಚಳ ಹಾಕಿ ಹೋಗೆಂದು ಕೈ ಬೀಸಿದಳು. ಹೂವು ಗಿಡ ಹಾಗೆ ತರಬಾರದಂತೆ. ರವಿಯ ಕಿವಿ ಕೆಂಪಾಗಿತ್ತು. "ಮೊದಲೇ ಹೇಳುದಲ್ವಾ ಅತ್ತೆ?" ಎಂದ. ಮೊದಲೇ ಹೇಳುವ ಅಭ್ಯಾಸ ನನಗೆ ಇಲ್ಲದ್ದೇ ಈ ಕಥೆಯ ತೊಂದರೆ.

ನೆಗೊಂಬೊ, ಮೊದಲ ಬೆಳಿಗ್ಗೆ

ನೆಗೊಂಬೊ ನೋಡಿದರೆ ನಮ್ಮ ಕಡೆಯದೇ ಒಂದು ತುಂಡು ತೇಲಿಹೋಗಿ ಅಲ್ಲಿ ನಿಂತ ಹಾಗಿದೆ. ಶರಾವತಿ ಸಮುದ್ರ ಸೇರುವಲ್ಲಿ ಇರುವಂಥದೇ ಹಿನ್ನೀರು, ಅದೇ ಕೆಸರಿನ ವಾಸನೆ. ಮರಳಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಮೀನು ಒಣಗಿಸುತ್ತಾರೆ. ಕಾಗೆ ಓಡಿಸಲು ಹೆಂಗಸರು ಮಾಡುವ ಸದ್ದೂ ನಮ್ಮದೇ. ಚರ್ಚುಗಳು ಮಾತ್ರ ತಿರುವಿಗೊಂದು. ಅಲ್ಲಿಯವರು ಹಿರಿಯರ ಕೈಗೆ ಏನನ್ನಾದರೂ ಕೊಡುವಾಗ ಎರಡೂ ಕೈ ಒಡ್ಡಿ ಕೊಡುತ್ತಾರೆ, ಒಂದು ಲೋಟ ನೀರನ್ನೂ. ಪಕ್ಕದ ಮನೆಯ ಹೆಂಗಸು ಹಾಗೆ ಕೊಟ್ಟಾಗ ನಾನು ಒಂದೇ ಕೈಯಲ್ಲಿ ತೆಗೆದುಕೊಂಡು, ಆಮೇಲೆ ದಿನವಿಡೀ ಅದನ್ನೇ ಯೋಚಿಸಿದೆ.

ನಾವು ತಲುಪಿದ ಮರುದಿನ ಭಾನುವಾರ. ಬೆಳಿಗ್ಗೆ ಓಣಿಯಲ್ಲಿ ವಾದ್ಯದ ಸದ್ದು ಕೇಳಿತು. ದೇವರ ಪಲ್ಲಕ್ಕಿ ಬರುತ್ತಿದೆ ಎಂದುಕೊಂಡೆ. ಕಾಲು ತೊಳೆದು, ಸೆರಗು ಹೊದ್ದು, ಗೇಟಿನಲ್ಲಿ ಕೈ ಮುಗಿದು ನಿಂತೆ. ಬಂದದ್ದು ಬ್ರೆಡ್ ಮಾರುವ ರಿಕ್ಷಾ. ಅಲ್ಲಿ ಹಾಡು ಹಾಕಿಕೊಂಡೇ ಮಾರುತ್ತಾರಂತೆ. ಗಿರಾಕಿ ಕರೆಯುತ್ತಿದ್ದಾಳೆ ಎಂದು ಅವನು ನಿಲ್ಲಿಸಿದ. ಸುಮ ಹೊಟ್ಟೆ ಹಿಡಿದು ನಕ್ಕಳು. "ಎಂತ ಆಯಿ, ಬ್ರೆಡ್ಡಿಗೂ ಕೈ ಮುಗ್ದ್ಯಾ?" ನಾನೂ ನಕ್ಕೆ. ಅಲ್ಲೇ ಬುದ್ಧಿ ಕಲಿಯಬೇಕಿತ್ತು.

ನೆಗೊಂಬೊ, ಕೂಟದ ಮನೆ

ಹತ್ತು ಗಂಟೆಗೆ ನಸೀಮ ಬಂದಳು. ಸುಮ ಅವಳಿಗೆ ಹಿಂದಿನ ದಿನವೇ ಫೋನು ಮಾಡಿದ್ದಳು. ತಲೆಯ ಮೇಲೆ ಸೆರಗು, ಅಮ್ಮನದೇ ಮೂಗು. ತಾಯಿ ಕರೆಯುವ ಹಾಗೆಯೇ ಅವಳೂ ನನ್ನನ್ನು ನಾಗಕ್ಕ ಎನ್ನುತ್ತಾಳೆ. ತಾಯಿಯ ಮಾತನ್ನೆಲ್ಲ ಹೇಳಿ ಡಬ್ಬಿ ತೆರೆದೆ. ಅವಳು ಅಬ್ಬಲಿಗೆಯನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

"ಬತ್ತೀಯಾ?"

"ಬರದೆ? ಇಮ್ರಾನನ್ನ ಎತ್ತಿ ಆಡಿಸಿದ್ದು ನಾನು. ಅವನ ಮದುವೆಗೆ ನಾನಲ್ದೆ ಇನ್ಯಾರು ಹೂ ಮುಡಿಬೇಕು?" ಎಂದು ಕಣ್ಣು ಒರೆಸಿಕೊಂಡಳು. "ಈಗ ಕೂಟದ ಹೊತ್ತು. ನೀನೂ ಬಾ. ಅಲ್ಲಿಂದ ನನ್ನ ಮನೆಗೆ ಹೋಗಿ ಉಂಡು, ನೀನೇ ತಲೆ ಬಾಚಿ ಮುಡಿಸು. ಆಮೇಲೆ ಫೋಟೋ. ಹೂ ನಿನ್ನ ಚೀಲದಲ್ಲೇ ಇರಲಿ."

ದಾರಿಯಲ್ಲಿ ಕೇಳಿದೆ: "ನೀನು ನಮಾಜು ಬಿಟ್ಟಿದ್ಯಾ?"

"ಒಂದು ಹೊತ್ತೂ ಬಿಟ್ಟಿಲ್ಲ."

"ಮತ್ತೆ ದೊಡ್ಡಪ್ಪಂಗೆ ಎಂತಕ್ಕೆ ಸಿಟ್ಟು?"

"ಪ್ರವಾದಿಯವರ ನಂತರ ದೇವ್ರು ಮತ್ತೆ ಯಾರ ಹತ್ರವೂ ಮಾತಾಡುದಿಲ್ಲ ಅಂತ ದೊಡ್ಡಪ್ಪನ ನಂಬಿಕೆ. ಅವ್ರದ್ದು ಅಂತಲ್ಲ, ನಾವೆಲ್ಲ ಕಲ್ತದ್ದೇ ಅದು. ಇಲ್ಲಿಯವ್ರು ಹೇಳುದು, ಆ ಮಾತು ನಿಂತಿಲ್ಲ, ಯಾರ ಬಾಯಲ್ಲಾದ್ರೂ ಬರ್ಬಹುದು, ದೋಣಿಯವನ ಬಾಯಲ್ಲೂ. ಅದು ಸಣ್ಣ ಮಾತಲ್ಲ ನಾಗಕ್ಕ. ದೊಡ್ಡಪ್ಪ ಸಿಟ್ಟಾದ್ದು ತಪ್ಪು ಅಂತ ನಾ ಹೇಳುದಿಲ್ಲ. ನಾನಿಲ್ಲಿ ಬಂದ್ರೆ ನಂಗೆ ಅಳು ಬತ್ತದೆ, ಅಷ್ಟೇ. ಒಳ್ಳೆ ಅಳು."

ಕೂಟದ ಮನೆ ಎಂದರೆ ಹಂಚು ಹೊದೆಸಿದ ಉದ್ದ ಕೋಣೆ. ಮುಂಚೆ ದೋಣಿಯ ಎಂಜಿನ್ ರಿಪೇರಿಯ ಜಾಗ. ಎಣ್ಣೆ ಕಲೆ ನೆಲದಲ್ಲಿ ಇನ್ನೂ ಇತ್ತು. ನಲವತ್ತು ಐವತ್ತು ಜನ ಚಾಪೆಯ ಮೇಲೆ ಕೂತಿದ್ದರು. ಟೊಪ್ಪಿ ಹಾಕಿದವರು, ಹಣೆಗೆ ವಿಭೂತಿ ಇಟ್ಟವರು, ಶಿಲುಬೆ ತೊಟ್ಟ ಒಬ್ಬ ಮುದುಕಿ. ಎದುರಿಗೆ ಒಂದು ಖಾಲಿ ಮರದ ಕುರ್ಚಿ, ಪಕ್ಕದಲ್ಲಿ ದೀಪ, ಮುಂದೆ ನೀರಿನ ತಂಬಿಗೆ. ಒಬ್ಬರು ಕುರಾನ್ ಓದಿದರು. ಒಬ್ಬಳು ತಮಿಳಿನಲ್ಲಿ ಹಾಡಿದಳು. ಎಲ್ಲರ ಕೈಯಲ್ಲೂ ಒಂದೊಂದು ಹೂವಿತ್ತು.

ಮಕ್ಕಳೇ, ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ದೀಪ ನೋಡಿ, ಹೂವು ನೋಡಿ ನನಗೆ ಖುಷಿಯಾಯಿತು. ಕಡೆಗೂ ಇವರು ನಮ್ಮ ದಾರಿಗೆ ಬಂದರಲ್ಲ ಎಂಬ ಖುಷಿ. ನಾನು ಗೆದ್ದ ಹಾಗೆ. ಅವರಲ್ಲಿ ಯಾರೂ ನನ್ನ ದಾರಿಗೆ ಬಂದಿರಲಿಲ್ಲ. ನನ್ನ ದಾರಿ ಅವರಿಗೆ ಬೇಕಾಗಿಯೂ ಇರಲಿಲ್ಲ.

ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಹೋಗಿ ತಂಬಿಗೆಯಿಂದ ಒಂದು ಬೊಗಸೆ ನೀರು ಕುಡಿದು ಬರತೊಡಗಿದರು. ನಸೀಮ ನನ್ನ ಬೆನ್ನು ಮುಟ್ಟಿ, "ಹೋಗು, ನೀರು ಕುಡ್ದು ಬಾ," ಎಂದಳು. ಎದ್ದೆ. ನಡುವಿನ ದಾರಿಯಲ್ಲಿ ನಾನೊಬ್ಬಳೇ. ಎಲ್ಲರ ಕಣ್ಣೂ ನನ್ನ ಮೇಲೆ. ಎಲ್ಲರ ಕೈಯಲ್ಲೂ ಹೂವು, ನನ್ನ ಕೈ ಖಾಲಿ. ದೇವರ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು ನನಗೆ ಅಮ್ಮ ಕಲಿಸಿದ್ದಳು. ಭಟ್ಕಳದಲ್ಲಿ ಕೇಳಿದ ಮಾತೂ ತಲೆಯಲ್ಲಿತ್ತು, ಇವರು ಪೂಜಿಸುವುದು ಕುರ್ಚಿಯನ್ನು ಎಂದು. ಕೈ ತಾನಾಗಿ ಚೀಲಕ್ಕೆ ಹೋಯಿತು. ಡಬ್ಬಿ ತೆರೆದು ಖತೀಜಾಳ ದಂಡೆಯನ್ನು ಕುರ್ಚಿಯ ಎರಡು ಕೈಗಳ ನಡುವೆ ಹಾಕಿದೆ. ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದೆ.

ಎದ್ದು ತಿರುಗಿದೆ. ನಸೀಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಯಾರೂ ಬೈಯಲಿಲ್ಲ. ಶಿಲುಬೆ ತೊಟ್ಟ ಮುದುಕಿ ಬಂದು ನನ್ನ ಕೈಯಲ್ಲಿ ತನ್ನ ಹೂವನ್ನಿಟ್ಟಳು. ಆಗ ಗೊತ್ತಾಯಿತು, ಆ ಹೂವುಗಳು ಪಕ್ಕದಲ್ಲಿ ಕೂತವರಿಗೆ ಕೊಡಲು ತಂದವು. ಕುರ್ಚಿಗೆ ಯಾರೂ ಒಂದು ಎಸಳನ್ನೂ ಇಡುವುದಿಲ್ಲ. ಹೊರಗೆ ಬಂದ ಮೇಲೆ ನಸೀಮ ಹೇಳಿದಳು: "ಈ ಕೂಟ ಶುರು ಮಾಡಿದ ಅಜ್ಜ ಎಂಜಿನ್ ರಿಪೇರಿಯವ್ರು. ಸಾಯುವಾಗ, ಇನ್ನು ಯಾರೂ ನನ್ನ ಜಾಗದಲ್ಲಿ ಕೂರುದು ಬೇಡ, ಯಾರನ್ನೂ ಪೂಜೆ ಮಾಡುದು ಬೇಡ ಅಂದ್ರು. ಅದು ನೆನಪಿರ್ಲಿ ಅಂತ ಕುರ್ಚಿ ಖಾಲಿ ಇಡುದು."

"ಅಯ್ಯೋ ಮಗಳೇ, ನಾನು..."

"ಇರ್ಲಿ ಬಿಡು. ನಿಂಗೆ ಗೊತ್ತಿರ್ಲಿಲ್ಲ."

ದಂಡೆಯನ್ನು ಅವಳೇ ಕುರ್ಚಿಯಿಂದ ತೆಗೆದು ತಂದಿದ್ದಳು. ಊಟವಾದ ಮೇಲೆ ತಲೆ ಬಾಚಿ ಮುಡಿಸಿದೆ. ನನ್ನ ಫೋನಿನಲ್ಲಿ ಫೋಟೋ ತೆಗೆಸಿಕೊಂಡಳು, ನಕ್ಕಳು ಕೂಡ. ಅಲ್ಲಿಗೆ ಸರಿಹೋಯಿತು ಎಂದುಕೊಂಡೆ. ಕೂಟದ ಕೋಣೆಯ ಮೂಲೆಯಲ್ಲಿ ಒಂದು ಫೋನನ್ನು ನಿಲ್ಲಿಸಿಟ್ಟಿದ್ದರು. ದೂರದೂರಿನ ತಮ್ಮವರು ನೋಡಲೆಂದು ಪ್ರತಿ ಭಾನುವಾರ ಕೂಟದ ವಿಡಿಯೋವನ್ನು ಅದರಲ್ಲಿ ಬಿಡುತ್ತಾರಂತೆ. ನಾನು ಅದನ್ನು ಗಮನಿಸಿರಲಿಲ್ಲ.

ಮತ್ತೆ ಭಟ್ಕಳ

ಮೂರು ವಾರ ಬಿಟ್ಟು ಊರಿಗೆ ಬಂದೆ. ಫೋಟೋ ತೋರಿಸಲು ಖತೀಜಾಳ ಮನೆಗೆ ಓಡಿದೆ. ಅವಳು ಒಳಗೆ ಕರೆಯುವ ಮೊದಲು ಓಣಿಯ ಎರಡೂ ಕಡೆ ನೋಡಿದಳು. ಹಾಗೆ ಅವಳು ಯಾವತ್ತೂ ನೋಡಿದವಳಲ್ಲ.

ನನಗಿಂತ ಮೊದಲೇ ಆ ವಿಡಿಯೋ ಭಟ್ಕಳಕ್ಕೆ ಬಂದಿತ್ತು. ಯಾರೋ ಅಷ್ಟೇ ತುಂಡನ್ನು ಕತ್ತರಿಸಿ ಕಳಿಸಿದ್ದರು. ಕುರ್ಚಿ, ದಂಡೆ, ನೆಲಕ್ಕೆ ಹಣೆ ಮುಟ್ಟಿಸುವ ಒಬ್ಬ ಹೆಂಗಸು. ದಂಡೆಯ ತುದಿಯಲ್ಲಿ ಮೂರು ಅಬ್ಬಲಿಗೆ. ಕುರ್ಚಿಗೆ ಪೂಜೆ ಎಂಬ ಆರೋಪಕ್ಕೆ ಎರಡು ವರ್ಷದಿಂದ ಯಾರಿಗೂ ಸಿಗದಿದ್ದ ಸಾಕ್ಷಿಯನ್ನು ನಾನು ಕೊಟ್ಟಿದ್ದೆ. ಜತೆಗೆ ತಾಯಿಯೂ ಗುಟ್ಟಾಗಿ ಅದೇ ಕೂಟಕ್ಕೆ ಸೇರಿ ಹೂವು ಕಳಿಸುತ್ತಾಳೆ ಎಂಬ ಹೊಸ ಮಾತು.

"ಭಾವ ಎಲ್ಲರೆದುರಿಗೆ ಕೇಳಿದ್ರು, ಈ ಹೂ ಯಾರದ್ದು ಅಂತ. ನಂದು ಅಂದೆ. ನೀನೇ ಕಳ್ಸಿದ್ದಾ ಅಂದ್ರು. ಹೌದು ಅಂದೆ. ಸುಳ್ಳು ಹೇಳ್ಲಾ?"

"ಕುರ್ಚಿ ಮೇಲಿಟ್ಟದ್ದು ನಾನು ಅಂತ ಹೇಳುದಲ್ವಾ?"

"ಹೇಳಿ? ನಿನ್ನ ಮುಖ ಅದ್ರಲ್ಲಿ ಕಾಣುದಿಲ್ಲ, ಬರೀ ಬೆನ್ನು. ನಿನ್ನ ಹೆಸ್ರು ಹೇಳಿದ್ರೆ, ಪೂಜೆ ಮಾಡಿದ್ದು ಹಿಂದೂ ಹೆಂಗಸು ಅಂತ ಮತ್ತೊಂದು ಗಲಾಟೆ ಎದ್ರೆ? ಈಗಿನ ಕಾಲ ನಿಂಗೆ ಗೊತ್ತಿಲ್ವಾ?"

"ನಾನೇ ಹಾಜಿಯವರ ಹತ್ರ ಹೇಳ್ಲಾ?" ಎಂದು ಕೇಳಿದೆ. ಅವಳು ಬೇಡ ಎನ್ನಲಿ ಎಂದು ಬೇಡಿಕೊಳ್ಳುತ್ತಲೇ ಕೇಳಿದೆ.

"ಬೇಡ ಬಿಡು. ಇಮ್ರಾನನ ಮದುವೆ ಒಂದು ಆಗ್ಲಿ." ಅವಳು ಹಾಗೆಂದಾಗ ನನ್ನ ಎದೆ ಹಗುರಾಯಿತು. ಆ ಹಗುರ ನೆನೆದರೆ ಈಗಲೂ ಮೈ ಸುಡುತ್ತದೆ.

ಹಾಜಿಯವರು ಮಾತು ಹಿಂದಕ್ಕೆ ತೆಗೆದುಕೊಂಡಿದ್ದರು. ಬರಬೇಡವೆಂದು ಸುಮಳ ಮೂಲಕ ನಸೀಮಳಿಗೆ ತಿಳಿಸಬೇಕಾಗಿ ಬಂತು. ಖತೀಜಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಫೋಟೋವನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡಿದಳು. "ಹೂ ಚಂದ ಕೂತಿದೆ," ಎಂದಳು. ಫೋನನ್ನು ನನ್ನ ಕೈಗೆ ತಿರುಗಿ ಕೊಟ್ಟಳು.

ಮದುವೆಗೆ ನನಗೂ ಕರೆಯಿತ್ತು. ಹೋದೆ. ಹೆಂಗಸರೆಲ್ಲ ತಲೆ ತುಂಬ ಮಲ್ಲಿಗೆ ಮುಡಿದಿದ್ದರು. ಮದುಮಗನ ತಾಯಿಯ ತಲೆಯಲ್ಲಿ ಮಾತ್ರ ಒಂದು ಮೊಗ್ಗೂ ಇರಲಿಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಬಂದವರು ಅವಳಿಗೆ ಸಲಾಂ ಹೇಳಿ ಮುಂದೆ ಹೋಗುತ್ತಿದ್ದರು. ನಾನು ಆ ಕುರ್ಚಿಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಊರವರಿಗೆಂದು ಬೇರೆಯಾಗಿ ಹಾಕಿದ ಪಂಕ್ತಿಯಲ್ಲಿ ಉಂಡು ಕೈ ತೊಳೆದು ಬರುವಾಗ ಹಾಜಿಯವರು ಎದುರಾದರು. ಬಿಳಿ ಗಡ್ಡ, ಮೆಲುದನಿ. ನನಗೆ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

"ಊಟ ಸರಿ ಆತಾ, ನಾಗಕ್ಕ?"

"ಆತು," ಎಂದೆ.

ಅಷ್ಟೇ ಎಂದೆ. ತಲೆ ತಗ್ಗಿಸಿ ಬಸ್ಸಿಗೆ ಹೊರಟೆ.

ಮಾವಿನಕುರ್ವೆ

ಮಳೆಗಾಲ ಕಳೆಯಿತು. ಖತೀಜಾಳನ್ನು ಓಣಿಯ ಹೆಂಗಸರು ಕುರಾನ್ ಓದಲು ಕರೆಯುವುದನ್ನು ಬಿಟ್ಟರೆಂದು ಕೇಳಿದೆ. ಅವಳು ನನಗೆ ಹೇಳಲಿಲ್ಲ. ಬೇರೆಯವರಿಂದ ಗೊತ್ತಾಯಿತು. ಮಲ್ಲಿಗೆ ಮೊಗ್ಗನ್ನು ಹಾಗೇ ಮಾರುತ್ತಾಳಂತೆ, ದಂಡೆ ಕಟ್ಟುವುದಿಲ್ಲವಂತೆ.  ಹೋದ ವಾರ ಅವಳನ್ನು ಕೇಳದೆ, ನೇರ ಹಾಜಿಯವರ ಮನೆಗೆ ಹೋದೆ.

ಅವರು ಜಗಲಿಯಲ್ಲಿ ಕುರ್ಚಿ ಕೊಟ್ಟರು. ನಾನು ಮೆಟ್ಟಿಲ ಮೇಲೇ ಕೂತು ಎಲ್ಲವನ್ನೂ ಹೇಳಿದೆ. ಖತೀಜಾ ಫೋನು ಮಾಡದೆ ನನ್ನ ಕೈಯಲ್ಲಿ ಹೇಳಿ ಕಳಿಸಿದ್ದು, ಹೂವು ಮಗಳ ತಲೆಗೆಂದು ಕಟ್ಟಿದ್ದು, ಕುರ್ಚಿ ದೇವರೆಂದು ತಿಳಿದು ಇಟ್ಟವಳು ನಾನು, ಆ ಬೆನ್ನು ನನ್ನದು. ಅವರು ಕೈಯಲ್ಲಿದ್ದ ಜಪಮಣಿಯನ್ನು ಪಕ್ಕಕ್ಕಿಟ್ಟರು.

"ಮದುವೆ ದಿನ ನಾನು ಕೇಳಿದ್ನಲ್ಲ, ಊಟ ಆತಾ ಅಂತ."

"ಹೌದು."

"ಆವತ್ತು ಹೇಳಿದ್ರೆ, ಅಲ್ಲೇ ಎಲ್ಲರೆದುರಿಗೆ ಅವಳ ಹೆಸ್ರು ತೊಳೀತಿದ್ದೆ, ನಾಗಕ್ಕ. ಅವಳು ತಲೆ ಎತ್ತಿ ಮಗನ ಮದುವೆ ನೋಡ್ತಿದ್ಲು."

"ತಪ್ಪಾತು," ಎಂದೆ.

"ನಸೀಮನ ವಿಷಯ ಬೇರೆ. ಆ ಕೂಟ ತಪ್ಪು ಅಂತ ನಾನು ಆವತ್ತೂ ಹೇಳಿದ್ದೆ, ಈಗ್ಲೂ ಹೇಳ್ತೆ. ಹೂ ಯಾರಿಟ್ರೂ ಅದು ಬದಲಾಗುದಿಲ್ಲ. ಆದ್ರೆ ಮಾಡದ್ದನ್ನ ಅವಳ ತಲೆ ಮೇಲೆ, ತಾಯಿ ತಲೆ ಮೇಲೆ ಹೊರಿಸಿದ್ದೇವೆ. ಅದಕ್ಕೆ ನಾನೂ ಮೇಲೆ ಉತ್ತರ ಕೊಡ್ಬೇಕು." ಮತ್ತೆ ಹೇಳಿದರು: "ನಾನು ನಂಬಿದೆ. ನಮ್ಮವ್ರಿಗೆ ನನ್ನ ಬಾಯಿಮಾತು ಸಾಕಾಗುದಿಲ್ಲ. ವಿಡಿಯೋ ನೋಡಿದ್ದಾರೆ ಅವ್ರು. ನೀವು ಬರೆದು ಕೊಡ್ತ್ರಾ?"

ಬರೆದೆ. ಬಾಯಿಂದ ಬಾರದ್ದು ಬರವಣಿಗೆಯಲ್ಲಿ ಬಂತು. ಎರಡು ಪ್ರತಿ ಮಾಡಿದೆ. ಒಂದನ್ನು ನಾಳೆ ಬೆಳಗಿನ ಬಸ್ಸಿಗೆ ಭಟ್ಕಳಕ್ಕೆ ಒಯ್ಯುತ್ತೇನೆ. ಅದರಲ್ಲಿ ನಿಮ್ಮ ಹೆಸರಿಲ್ಲ, ಬ್ರೆಡ್ಡಿನ ರಿಕ್ಷಾವೂ ಇಲ್ಲ. ಉಳಿದದ್ದೆಲ್ಲ ಇದೆ, ನಾನು ಒಳಗೊಳಗೇ ಖುಷಿಪಟ್ಟದ್ದೂ ಇದೆ. ಅವರು ಓದಿ ಏನೆನ್ನುತ್ತಾರೋ ಗೊತ್ತಿಲ್ಲ. ಖತೀಜಾ ಮತ್ತೆ ದಂಡೆ ಕಟ್ಟುತ್ತಾಳೋ ಇಲ್ಲವೋ, ಅದೂ ಗೊತ್ತಿಲ್ಲ.

ಇನ್ನೊಂದು ಪ್ರತಿ ಈ ಹಾಳೆಗಳು, ನಿಮಗೆ. ನಸೀಮಳಿಗೆ ಒಬ್ಬಳು ಪುಟ್ಟ ಮಗಳಿದ್ದಾಳೆ, ಶ್ರೇಯಾಳಷ್ಟೇ ಎತ್ತರ. ಮನೆಯವರು ಮಾತು ಬಿಟ್ಟ ಮೇಲೆ ಅವಳು ತನ್ನ ಅಜ್ಜಿಯ ಮನೆ ನೋಡಿಲ್ಲ. ಒಂದು ದಿನ ಬಂದು, ಸೋದರಮಾವನ ಮದುವೆಗೆ ನನ್ನ ಅಮ್ಮನನ್ನು ಯಾಕೆ ಬರಗೊಡಲಿಲ್ಲ ಎಂದು ಕೇಳಬಹುದು. ಆಗ ನಾನಿರಲಿಕ್ಕಿಲ್ಲ. ಇದ್ದರೂ ಅವಳೆದುರು ನನ್ನ ಬಾಯಿ ತೆರೆಯುತ್ತದೆಂಬ ಧೈರ್ಯ ನನಗಿಲ್ಲ. ಇದನ್ನು ಅವಳಿಗೆ ಓದಿ ಹೇಳಿ. ಫೋಟೋವನ್ನೂ ಪ್ರಿಂಟ್ ಮಾಡಿಸಿ ಮಧ್ಯದಲ್ಲಿಟ್ಟಿದ್ದೇನೆ, ಹೂವು ಮುಡಿದು ನಕ್ಕದ್ದು. ಮಳೆನೀರು ತಾಗದ ಕಡೆ, ಶಾಲೆಯ ಪುಸ್ತಕಗಳ ಜತೆ ಸೇರಿಸದೆ, ಇವನ್ನು ಬೇರೆಯಾಗಿ ಜೋಪಾನವಾಗಿಡಿ.